ಸೊನ್ನೆ ತಪ್ಪಿದ ಒಂಬತ್ತು ದಿನ

ಲೇಸರ್ ಹಚ್ಚಿದ ಮೇಲೆ ಅರ್ಧ ತಾಸು ಕಾಯಬೇಕು. ಅದು ಬೆಚ್ಚಗಾಗುವವರೆಗೆ ಪರದೆಯ ಮೇಲಿನ ಅಂಕಿ ನಿಲ್ಲುವುದಿಲ್ಲ, ಸಣ್ಣಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆ ಅರ್ಧ ತಾಸಿನಲ್ಲಿ ನನಗೆ ಬೇರೆ ಕೆಲಸ ಇರುತ್ತಿರಲಿಲ್ಲ. ಹೆದರಿಕೆ ಬರುತ್ತಿದ್ದುದು ಆಗಲೇ.

ನಾನು ಕೆಲಸ ಮಾಡುವುದು ಬಸವನ ಬಾಗೇವಾಡಿಯಲ್ಲಿ, ಮುದ್ದೇಬಿಹಾಳದ ರಸ್ತೆಗೆ ಊರು ಮುಗಿಯುವ ಕಡೆ ಇರುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ತಯಾರಾಗುವುದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ರಿಲೇ. ಹೊಲದ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಡಬ್ಬಿಯೊಳಗೆ ಅದನ್ನು ಕೂರಿಸುತ್ತಾರೆ. ಕರೆಂಟು ಎಲ್ಲಿಯಾದರೂ ಸೋರಿ ಡಬ್ಬಿಯ ತಗಡಿಗೆ ಬಂದರೆ, ರಿಲೇಯೊಳಗಿನ ತಂತಿಯ ಸುರುಳಿ ಒಂದು ತೆಳ್ಳನೆಯ ಪಟ್ಟಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಪಟ್ಟಿ ಟಕ್ ಎಂದು ಬಡಿದರೆ ಮೋಟರು ನಿಲ್ಲುತ್ತದೆ. ಡಬ್ಬಿ ಮುಟ್ಟಿದ ಮನುಷ್ಯ ಬದುಕುತ್ತಾನೆ.

ಆ ಪಟ್ಟಿ ಎಷ್ಟು ಎತ್ತರದಲ್ಲಿ ನಿಂತಿದೆ ಎಂದು ಲೇಸರಿನಿಂದ ಅಳೆಯುವುದು ನನ್ನ ಕೆಲಸ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ನಲವತ್ತರಿಂದ ಐವತ್ತು ಪಾಲಿನ ಒಳಗೆ ಇರಬೇಕು. ನಲವತ್ತಕ್ಕಿಂತ ಕಡಿಮೆ ಇದ್ದರೆ ಪಟ್ಟಿ ಕಾರಣವಿಲ್ಲದೆ ಬಡಿದು ರೈತನಿಗೆ ಕಿರಿಕಿರಿ ಮಾಡುತ್ತದೆ, ಅಷ್ಟೇ. ಐವತ್ತು ದಾಟಿದರೆ ಸುರುಳಿಯ ಎಳೆತಕ್ಕೆ ಸಿಗದೆ, ಬಡಿಯಬೇಕಾದ ಹೊತ್ತಿನಲ್ಲಿ ಬಡಿಯುವುದಿಲ್ಲ. ರಿಲೇಯನ್ನು ಅಚ್ಚಿನಲ್ಲಿ ಕೂರಿಸಿದರೆ ಮೇಲಿನಿಂದ ಕೆಂಪು ಚುಕ್ಕೆ ಪಟ್ಟಿಯ ಮೇಲೆ ಬೀಳುತ್ತದೆ, ತಿರುಗಿ ಬಂದ ಬೆಳಕನ್ನು ನೋಡಿ ಯಂತ್ರ ಎತ್ತರ ಹೇಳುತ್ತದೆ. ಸರಿ ಇದ್ದದ್ದು ಹಸಿರು ಟ್ರೇಗೆ, ಇಲ್ಲದ್ದು ಕೆಂಪು ಟ್ರೇಗೆ.

ನನ್ನ ತಮ್ಮ ಇಂಗಳೇಶ್ವರದ ನಮ್ಮ ಹೊಲದಲ್ಲಿ ಸ್ಟಾರ್ಟರ್ ಡಬ್ಬಿಗೆ ಕೈ ಹಚ್ಚಿದಾಗ ತೀರಿಕೊಂಡ. ಅದು ಹಳೆಯ ಡಬ್ಬಿ, ಅದರಲ್ಲಿ ಇಂಥ ರಿಲೇ ಇರಲಿಲ್ಲ. ಒಂದು ಹಾಕಿಸು ಎಂದು ವರ್ಷದಿಂದ ಹೇಳುತ್ತಿದ್ದೆ. “ಹಾಕಿಸ್ತೇನಿ ತಗೊ ಅಕ್ಕಾ, ನೀ ಮಾಡಿದ್ದ ಹಾಕಿಸ್ತೇನಿ” ಎಂದು ನಗುತ್ತಿದ್ದ. ನಾನೇ ಒಂದನ್ನು ಕೇಳಿ ತೆಗೆದುಕೊಂಡು ಹೋಗಬಹುದಾಗಿತ್ತು. ಹೋಗಲಿಲ್ಲ.

ಅವನನ್ನು ಮಣ್ಣು ಮಾಡುವಾಗ ಸಮಾಧಿಯೊಳಗೆ ಇಡಲು ತಂದಿದ್ದ ವಿಭೂತಿ ಗಟ್ಟಿಗಳಲ್ಲಿ ಒಂದು ಉಳಿದಿತ್ತು. ಅದನ್ನು ಯಾರೂ ಕೇಳಲಿಲ್ಲ. ನಾನು ಕರವಸ್ತ್ರದಲ್ಲಿ ಸುತ್ತಿ ಬುತ್ತಿಯ ಚೀಲದಲ್ಲಿ ಇಟ್ಟುಕೊಂಡೆ.

ಮೂರು ವಾರದ ರಜೆ ಮುಗಿಸಿ ಒಂದು ಸೋಮವಾರ ಕೆಲಸಕ್ಕೆ ಮರಳಿದೆ. ಸೋಮವಾರದಿಂದ ಬುಧವಾರ ಲೇಸರ್ ನನ್ನದು, ಗುರುವಾರದಿಂದ ಶನಿವಾರ ನನಗಿಂತ ಹಿರಿಯಳಾದ ಇನ್ನೊಬ್ಬ ಹೆಣ್ಣುಮಗಳದು. ಅವಳ ಸರದಿಯ ದಿನ ನಾನು, ನನ್ನ ಸರದಿಯ ದಿನ ಅವಳು, ಬೆಸುಗೆಯ ಮೇಜಿಗೆ ಕೂರುತ್ತೇವೆ. ಅವಳು ಮುದ್ದೇಬಿಹಾಳದ ಕಡೆಯವಳು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಆ ದಿನ ಊಟಕ್ಕೆ ನನ್ನ ಪಕ್ಕ ಕೂತಳು. ತನ್ನ ಬುತ್ತಿಯ ರೊಟ್ಟಿಯಲ್ಲಿ ಒಂದನ್ನು ನನ್ನ ಡಬ್ಬಿಗೆ ಹಾಕಿ, “ತಿನ್ನ, ಸುಮ್ಮಕ ನೋಡಾಕತ್ತಿದ್ರ ರೊಟ್ಟಿ ಒಣಗತೈತಿ” ಎಂದಳು.

ಲೇಸರಿಗೆ ದಿನಾ ಬೆಳಿಗ್ಗೆ ಸೊನ್ನೆ ತೋರಿಸಬೇಕು. ಎತ್ತರ ಅಳೆಯುವವನಿಗೆ ನೆಲ ಎಲ್ಲಿದೆ ಎಂದು ಮೊದಲು ಹೇಳಿದ ಹಾಗೆ. ಅದಕ್ಕೆ ಒಂದು ಉಕ್ಕಿನ ಮಾದರಿ ತುಂಡು ಇದೆ, ಮರದ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿರುತ್ತದೆ. ಅದನ್ನು ಅಚ್ಚಿನಲ್ಲಿ ಕೂರಿಸಿ, ಕೆಂಪು ಚುಕ್ಕೆ ಅದರ ನೆತ್ತಿಯ ಮೇಲೆ ಬಿದ್ದಾಗ ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆ ಸೊನ್ನೆ ಬರುತ್ತದೆ. ಆಮೇಲೆ ದಿನವಿಡೀ ಎಲ್ಲ ಎತ್ತರವೂ ಅಲ್ಲಿಂದ. ರಿಲೇ ಮುಟ್ಟುವಾಗ ಬೆರಳಿಗೆ ರಬ್ಬರಿನ ಟೊಪ್ಪಿಗೆ ಹಾಕಿಕೊಳ್ಳಬೇಕೆಂಬ ನಿಯಮ ಇತ್ತು. ಮಾದರಿ ತುಂಡಿನ ಬಗ್ಗೆ ನಿಯಮ ಏನೂ ಹೇಳಿರಲಿಲ್ಲ.

ಆ ಮೊದಲ ಸೋಮವಾರ ಅರ್ಧ ತಾಸು ಕಾಯುವಾಗ ಹೆದರಿಕೆ ಶುರುವಾಯಿತು. ಇಷ್ಟು ವರ್ಷ ನಾನು ಪಟ್ಟಿಗಳನ್ನು ಅಳೆದಿದ್ದೆ, ಮನುಷ್ಯರನ್ನು ನೆನೆದಿರಲಿಲ್ಲ. ಈಗ ಪ್ರತಿ ರಿಲೇಯ ಹಿಂದೆ ಒಂದು ಡಬ್ಬಿ, ಡಬ್ಬಿಯ ಮುಂದೆ ಒದ್ದೆ ನೆಲ, ಒದ್ದೆ ನೆಲದ ಮೇಲೆ ಬರಿಗಾಲು ಕಾಣುತ್ತಿತ್ತು. ಚೀಲ ತೆರೆದು, ತಮ್ಮನ ವಿಭೂತಿಯನ್ನು ಮೂರು ಬೆರಳಿಗೆ ಹಚ್ಚಿಕೊಂಡು ಹಣೆಗೆ ಎಳೆದುಕೊಂಡೆ. ಬೆರಳು ಒರೆಸಿಕೊಳ್ಳಲು ಮನಸ್ಸು ಬರಲಿಲ್ಲ. ಅದೇ ಬೆರಳುಗಳಿಂದ ಮಾದರಿ ತುಂಡನ್ನು ಎತ್ತಿ ಕೂರಿಸಿದೆ. ಹೆದರಿಕೆ ಇಳಿಯಿತು. ಅಂದಿನಿಂದ ಅದೇ ರೂಢಿಯಾಯಿತು.

ಮೊದಲ ವಾರ ಕೆಂಪು ಟ್ರೇಗೆ ಹೆಚ್ಚು ಬಿದ್ದದ್ದನ್ನು ಯಾರೂ ಗಮನಿಸಿರಲಿಲ್ಲ, ಎರಡನೆಯ ವಾರ ಅದು ತುಂಬತೊಡಗಿತು. ಮೂವತ್ತೊಂಬತ್ತು, ಮೂವತ್ತೆಂಟು, ಮತ್ತೆ ಮೂವತ್ತೆಂಟು. ನಮ್ಮ ಮೇಲ್ವಿಚಾರಕ ಡಿಪ್ಲೊಮಾ ಓದಿದವನು, ಎಲ್ಲದಕ್ಕೂ ಕಾರಣ ಹುಡುಕುವ ಮನುಷ್ಯ, ನನಗಿಂತ ಐದಾರು ವರ್ಷ ಚಿಕ್ಕವನು. ಟ್ರೇ ಎತ್ತಿ ನೋಡಿದ.

“ಪಟ್ಟಿ ಮಾಲ ಸರಿ ಬಂದಿಲ್ಲ ಕಾಣಸ್ತೈತ್ರಿ ಅಕ್ಕಾರ. ಎಲ್ಲಾ ಗಿಡ್ಡ ಅದಾವ.”

ಪಟ್ಟಿಯ ಹೊಸ ಪೆಟ್ಟಿಗೆ ಒಡೆಯಲಾಯಿತು. ಏನೂ ಬದಲಾಗಲಿಲ್ಲ. ಕಿಟಕಿಯ ಬಿಸಿಲು ಪಟ್ಟಿಯ ಮೇಲೆ ಹೊಳೆದು ಲೇಸರಿನ ಕಣ್ಣು ಕೆಡಿಸುತ್ತಿರಬಹುದೆಂದು ಕಿಟಕಿಗೆ ರಟ್ಟು ಬಡಿದ. ಗಾಜು ಒರೆಸಿದ. ರಸ್ತೆಯ ಲಾರಿಗಳ ಅದುರಾಟಕ್ಕೆ ಮೇಜಿನ ಕಾಲಿನಡಿ ರಬ್ಬರ್ ಹಾಕಿಸಿದ. ಪಾಳಿ ಮುಗಿದಾಗ ಮಾದರಿ ತುಂಡನ್ನು ನನ್ನಿಂದಲೇ ಮತ್ತೆ ಕೂರಿಸಿ ನೋಡಿದ, ಸೊನ್ನೆ ಸೊನ್ನೆಯೇ ಆಗಿತ್ತು. “ಮಷೀನ್ ಕರೆಕ್ಟ್ ಐತಿ” ಎಂದು ತಲೆ ಕೆರೆದುಕೊಂಡ.

ಜೊತೆಯವಳು ಬೆಸುಗೆಯ ಮೇಜಿನಿಂದ ಕೂಗಿದಳು, “ದೃಷ್ಟಿ ಆಗಿರಬೇಕ್ರಿ ಸರ್. ನಾಕ ಮೆಣಸಿನಕಾಯಿ ನಿವಾಳಿಸಿ ಒಗೀರಿ. ನನ್ನ ಸರದಿಗಿ ಇಷ್ಟ ಕೆಂಪ ಬರೂದಿಲ್ಲ, ಅದು ನನ್ನ ಕೈಗುಣಾ.”

ಅವಳು ನಗೆಗೆ ಹೇಳಿದ್ದಳು. ನನಗೆ ಅದು ಎದೆಗೆ ನಾಟಿತು. ಆ ವಾರವೂ ಮುಂದಿನ ವಾರವೂ ಕೆಂಪು ಟ್ರೇಗೆ ಹಾಕಿದ ಒಂದೊಂದು ರಿಲೇಗೂ ಚೀಟಿ ಅಂಟಿಸಿ ಅಂಕಿ ಬರೆದೆ. ಯಾಕೆಂದು ನನಗೇ ಗೊತ್ತಿರಲಿಲ್ಲ.

ಮೂರನೆಯ ವಾರದ ಗುರುವಾರ, ಅವಳು ತನ್ನ ಸೊನ್ನೆ ಮಾಡಿ ಕೂತ ಮೇಲೆ, ಬುಧವಾರದ ಕೆಂಪು ಟ್ರೇಯನ್ನು ಅವಳ ಮುಂದಿಟ್ಟೆ.

“ಅಕ್ಕಾ, ಇವನ್ನೊಮ್ಮಿ ಅಳದ ನೋಡ.”

“ಸತ್ತ ಹೆಣಕ್ಕ ಎರಡನೇ ಸಲ ನಾಡಿ ನೋಡ್ತಿಯೇನ?” ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. ಒಂದೊಂದಾಗಿ ಅಚ್ಚಿನಲ್ಲಿ ಇಡತೊಡಗಿದಳು.

ನನ್ನ ಚೀಟಿಯಲ್ಲಿ ಮೂವತ್ತೆಂಟು. ಪರದೆಯಲ್ಲಿ ನಲವತ್ತೊಂದು. ಚೀಟಿಯಲ್ಲಿ ಮೂವತ್ತೊಂಬತ್ತು, ಪರದೆಯಲ್ಲಿ ನಲವತ್ತೆರಡು. ಒಂದೂ ಬಿಡದೆ ಮೂರು ಮೂರು ಹೆಚ್ಚು. ಅವಳ ಅಳತೆ ನಿಜವಾದರೆ ಕೆಂಪು ಟ್ರೇಯಲ್ಲಿದ್ದವೆಲ್ಲ ಒಳ್ಳೆಯವು.

ಒಳ್ಳೆಯವನ್ನು ಎಸೆದಿದ್ದೆವೆಂಬುದು ನನ್ನನ್ನು ಹೆದರಿಸಲಿಲ್ಲ. ಇನ್ನೊಂದು ತುದಿ ನೆನಪಾಯಿತು. ನನ್ನ ದಿನಗಳಲ್ಲಿ ಐವತ್ತು ಎಂದು ತೋರಿಸಿದ್ದು ನಿಜದಲ್ಲಿ ಐವತ್ತಮೂರು ಇದ್ದಿದ್ದರೆ? ಅವು ಕೆಂಪು ಟ್ರೇಯಲ್ಲಿ ಇರಲಿಲ್ಲ. ಹಸಿರು ಟ್ರೇಯಲ್ಲಿ ಕೂತು, ಸ್ಟಿಕರ್ ಅಂಟಿಸಿಕೊಂಡು, ಹೊರಗೆ ಹೋಗಿದ್ದವು.

ಮೇಲ್ವಿಚಾರಕ ಓಡಿ ಬಂದ. ಎರಡೂ ಅಂಕಿ ನೋಡಿದ. ಅವನ ಕಣ್ಣು ಜೊತೆಯವಳ ಸೆರಗಿನ ಮೇಲೆ ಬಿತ್ತು. ಕಡುನೀಲಿ ಸೀರೆಯ ತುದಿಯಲ್ಲಿ ಬಿಳಿಯ ಕಲೆ ಇತ್ತು. ಅವಳಿಗೆ ಕಂಡದ್ದನ್ನೆಲ್ಲ ಒರೆಸುವ ಚಟ. ಸೊನ್ನೆ ಮಾಡುವ ಮೊದಲು ಮಾದರಿ ತುಂಡನ್ನು ಸೆರಗಿನಿಂದ ತಿಕ್ಕುತ್ತಿದ್ದಳು, ಅದಕ್ಕಾಗಿ ಹಿಂದೆ ಎರಡು ಸಲ ಬೈಸಿಕೊಂಡಿದ್ದಳು.

“ಸೆರಗಿಲೆ ಒರಸಬ್ಯಾಡ್ರಿ ಅಂತ ಎಷ್ಟ ಸಲ ಹೇಳೀನಿ? ತುಂಡ ಸವೀತೈತಿ, ಎಳಿ ಅಂಟಕೋತಾವು. ನಿಮ್ಮ ಝೀರೋನ ತಪ್ಪೈತಿ. ನಿಮ್ಮ ಮೂರು ದಿನದ್ದ ಮಾಲ ಎಲ್ಲಾ ತಗೀರಿ ಹೊರಗ. ಸೋಮವಾರ, ಮಂಗಳವಾರ, ಬುಧವಾರದ್ದ ಗಾಡಿಗಿ ಹೇರ್ರಿ. ಸಿಂದಗಿಯ ಡಬ್ಬಿ ಅಂಗಡಿಯವರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ.”

ಅವಳ ಮುಖ ಕೆಂಪಾಯಿತು. “ನಾ ಸ್ವಚ್ಛ ಮಾಡೂದ ತಪ್ಪಾತೇನ್ರಿ? ಅದರ ಮ್ಯಾಲ ಬೂದಿ ಕೂತಿರತೈತಿ, ಒರಸಲಾರದ ಹ್ಯಾಂಗ ಇಡ್ಲಿ?”

ಬೂದಿ ಎಂದಳು. ನಾನು ಚೀಲದಿಂದ ಕರವಸ್ತ್ರದ ಗಂಟು ತೆಗೆದುಕೊಂಡೆ.

ನೀರು ಕುಡಿಯುವ ನೆಪ ಹೇಳಿ ಹಿಂದಿನ ಟಾಕಿಯ ಹತ್ತಿರ ಹೋದೆ. ಕರವಸ್ತ್ರ ಬಿಚ್ಚಿದೆ. ಗಟ್ಟಿಯ ಒಂದು ಮೂಲೆ ಸವೆದು ಹಳ್ಳ ಬಿದ್ದಿತ್ತು. ಹಣೆಗೆ ಹೋದದ್ದು ಎಷ್ಟು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಬೆರಳಿನಿಂದ ತುಂಡಿನ ತಳಕ್ಕೆ. ತಳಕ್ಕೆ ಬೂದಿ ಅಂಟಿದರೆ ತುಂಡು ಅಷ್ಟು ಮೇಲೆ ಕೂರುತ್ತದೆ, ಸೊನ್ನೆಯೂ ಅಷ್ಟು ಮೇಲೆ ಹೋಗುತ್ತದೆ, ಆಮೇಲೆ ಎಲ್ಲವೂ ಗಿಡ್ಡ ಕಾಣುತ್ತದೆ. ಸಂಜೆ ಅದೇ ತುಂಡನ್ನು ಅದೇ ಬೂದಿಯ ಸಮೇತ ಮತ್ತೆ ಇಟ್ಟರೆ ಸೊನ್ನೆ ಸರಿಯೆಂದೇ ತೋರಿಸುತ್ತದೆ. ಅವಳು ಸೆರಗಿನಿಂದ ತಿಕ್ಕಿದ ದಿನಗಳಷ್ಟೇ ನಮ್ಮ ಅಳತೆ ನಿಜವಾಗಿತ್ತು.

ಅಂಗಳದಲ್ಲಿ ಗಾಡಿಯ ಹಿಂಬಾಗಿಲು ತೆಗೆದ ಸದ್ದು ಕೇಳಿಸಿತು. ನಾನು ಸುಮ್ಮನಿದ್ದರೆ ಅವಳು ಮನೆಗೆ ಹೋಗುತ್ತಾಳೆ, ನಾನು ಉಳಿಯುತ್ತೇನೆ. ತಮ್ಮ ಹೋದ ಮೇಲೆ ಅವ್ವನಿಗೂ ನನಗೂ ಈ ಕೆಲಸವೇ ಆಧಾರ. ಹೇಳಿದರೆ ನಾನು ಹೋಗುತ್ತೇನೆ. ಇಷ್ಟನ್ನು ಯೋಚಿಸಿದ್ದು ನಿಜ, ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ನಳದ ನೀರು ಸುರಿದು ಪಾದ ಒದ್ದೆಯಾಗಿತ್ತು. ಒದ್ದೆ ನೆಲದ ಮೇಲೆ ಬರಿಗಾಲು. ಆ ನೋಟ ಕಂಡ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ಸಾಬೂನು ಹಚ್ಚಿ ಕೈ ತೊಳೆದು, ಒರೆಸಿಕೊಂಡು, ಒಳಗೆ ಬಂದೆ.

“ಸರ್, ಗಾಡಿ ನಿಲ್ಲಸ್ರಿ. ಒಂದ ಸಲ ಇಲ್ಲಿ ನೋಡ್ರಿ.”

ಮಾದರಿ ತುಂಡಿನ ತಳವನ್ನು ಒರೆಸಿ ಕೂರಿಸಿ ಸೊನ್ನೆ ಮಾಡಿದೆ. ಒಂದು ರಿಲೇ ಇಟ್ಟೆ: ನಲವತ್ತಾರು. ಕರವಸ್ತ್ರ ತೆಗೆದು ವಿಭೂತಿಯನ್ನು ಮೂರು ಬೆರಳಿಗೆ ಹಚ್ಚಿಕೊಂಡು, ದಿನಾ ಹಿಡಿಯುವಂತೆಯೇ ತುಂಡನ್ನು ಹಿಡಿದು ಕೂರಿಸಿ, ಮತ್ತೆ ಸೊನ್ನೆ ಮಾಡಿದೆ. ಅದೇ ರಿಲೇ ಇಟ್ಟೆ: ನಲವತ್ತಮೂರು.

ಜೊತೆಯವಳೇ ಮೊದಲು ಕೇಳಿದಳು, “ಇದು ಎಲ್ಲೀದವ್ವಾ?”

“ತಮ್ಮಂದು” ಎಂದೆ.

ಮಾಲೀಕರನ್ನು ಕರೆಸಿದರು. ಅವರು ಮೇಜಿನ ಪಕ್ಕ ನಿಂತು ಎಲ್ಲ ಕೇಳಿದರು. ಬೈಯುತ್ತಾರೆಂದು ಕಾದಿದ್ದೆ. “ಎಷ್ಟ ದಿನದ್ದ ಮಾಲ?” ಎಂದರು.

“ಒಂಬತ್ತ ದಿನದ್ದರಿ. ಮೊದಲನೇ ವಾರದ ಮೂರು ದಿನದ್ದ ಸಿಂದಗಿಗಿ ಹೋಗೈತ್ರಿ. ಉಳದದ್ದ ಇಲ್ಲೇ ಐತಿ” ಎಂದ ಮೇಲ್ವಿಚಾರಕ.

ಮಾಲೀಕರು ಅವನನ್ನೂ ನನ್ನನ್ನೂ ನೋಡಿ, “ಇಬ್ಬರೂ ಗಾಡಿ ಹತ್ತರಿ. ಹೋದದ್ದೆಲ್ಲಾ ತಿರುಗಿ ತರ್ರಿ.” ಹೊರಟಾಗ ನನ್ನ ಕಡೆ ನೋಡಿ, “ನಿಂದ ಸೋಮವಾರ ಮಾತಾಡೂಣು” ಎಂದರು.

ಸಿಂದಗಿಯಲ್ಲಿ ನಮ್ಮ ರಿಲೇಗಳನ್ನು ಡಬ್ಬಿಗೆ ಹಾಕುವವರ ಅಂಗಡಿ ಮುಟ್ಟಿದಾಗ ಹನ್ನೊಂದೂವರೆ. ಅಂಗಡಿಯವರು ಹಸಿರು ಸ್ಟಿಕರ್ ತೋರಿಸಿದರು. “ನೀವ ಪಾಸ್ ಮಾಡಿ ಕಳಸೀರಿ, ಈಗ ನೀವ ನಾಪಾಸ್ ಅಂತೀರಿ. ಪರೀಕ್ಷಾ ನಮಗೋ ನಿಮಗೋ?” ಗೊಣಗುತ್ತಲೇ ತಾರೀಕು ನೋಡಿ ಒಂದೊಂದು ಡಬ್ಬಿಯನ್ನೂ ಹೊರಗಿಟ್ಟರು. ಎಲ್ಲ ಸಿಕ್ಕವು, ಒಂದು ಬಿಟ್ಟು. ಅದು ಇಂಡಿ ತಾಲೂಕಿನ ಕಡೆಗೆ ಹೋಗಿತ್ತು. ಸಾಲೋಟಗಿಯ ಒಂದು ನಿಂಬೆ ತೋಟಕ್ಕೆ ಹಿಂದಿನ ದಿನ ಸಂಜೆಯಷ್ಟೇ ಕೂರಿಸಿ ಬಂದಿದ್ದರು.

“ಫೋನ್ ಹಚ್ಚರಿ” ಎಂದ ಮೇಲ್ವಿಚಾರಕ.

ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು. “ತ್ವಾಟದಾಗ ಇರ್ತಾರ್ರಿ, ಫೋನ್ ಮನ್ಯಾಗ ಇರತೈತಿ. ಈ ವಾರ ಆ ಕಡೆ ತ್ರೀ ಫೇಸ್ ಕರೆಂಟ ಮಧ್ಯಾಹ್ನ ಎರಡಕ್ಕ ಬರ್ತೈತಿ. ಬಂದ ಕೂಡ್ಲೆ ಮೋಟರ್ ಚಾಲೂ ಮಾಡ್ತಾರ.”

ಒಳ್ಳೆಯ ರಿಲೇ ಒಂದನ್ನು ತೆಗೆದುಕೊಂಡು ಹೊರಟೆವು. ಡಬ್ಬಿಯಲ್ಲಿ ಕರೆಂಟು ಸೋರಲೇಬೇಕೆಂದಿಲ್ಲ, ಅದು ನನಗೆ ಗೊತ್ತಿತ್ತು. ಆ ರಿಲೇಯೇ ಕೆಟ್ಟದ್ದಿರಬೇಕೆಂದೂ ಇಲ್ಲ. ಮೇಲ್ವಿಚಾರಕ ಗಾಡಿ ನಡೆಸುತ್ತ ಇದನ್ನೇ ಎರಡು ಸಲ ಹೇಳಿದ. ಹೌದ್ರಿ ಎಂದೆ. ಆದರೆ ನನ್ನ ಕಣ್ಣು ಗಾಡಿಯ ಗಡಿಯಾರದ ಮೇಲಿತ್ತು. ತಮ್ಮ ತೀರಿಕೊಂಡ ದಿನವೂ ಕರೆಂಟು ಬರುವ ಹೊತ್ತು ಎಲ್ಲರಿಗೂ ಗೊತ್ತಿತ್ತು. ನಡುವೆ ಒಂದು ಕಡೆ ರಸ್ತೆ ಅಗೆದಿದ್ದರು, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಆಮೆಯಂತೆ ಹೋಗಬೇಕಾಯಿತು. ನಾನು ಬೆರಳುಗಳನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡಿದ್ದೆ, ಏನನ್ನೂ ಮುಟ್ಟಬಾರದೆಂಬಂತೆ.

ಸಾಲೋಟಗಿ ಮುಟ್ಟಿದಾಗ ಎರಡು ದಾಟಿತ್ತು. ತೋಟದ ದಾರಿಗೆ ಇಳಿಯುವಾಗಲೇ ಮೋಟರಿನ ಸದ್ದು ಕೇಳಿಸಿತು. ನಾನು ಗಾಡಿ ನಿಲ್ಲುವ ಮೊದಲೇ ಇಳಿದು ಓಡಿದೆ.

ಡಬ್ಬಿ ಒಂದು ಕಲ್ಲಿನ ಕಂಬಕ್ಕೆ ಬಿಗಿದಿತ್ತು. ಅದರ ಮುಂದೆ ಅರವತ್ತು ದಾಟಿದ ಹೆಣ್ಣುಮಗಳೊಬ್ಬಳು ಸೀರೆ ಎತ್ತಿ ಕಟ್ಟಿ, ಕಾಲುವೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತಿದ್ದಳು.

“ಯವ್ವಾ, ಡಬ್ಬಿ ಮುಟ್ಟಬ್ಯಾಡ್ರಿ! ದೂರ ಸರೀರಿ!”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಮುಟ್ಟಬ್ಯಾಡ ಅಂದ್ರ ಬಂದ್ ಮಾಡೂದ ಹ್ಯಾಂಗವ್ವಾ? ಬಾಯಿಲೆ ಊದಿ ಆರಸ್ಲೇನು? ಯಾರ ನೀವು?”

ಮೇಲ್ವಿಚಾರಕ ಉಸಿರು ಬಿಡುತ್ತ ಬಂದು, ನಾವು ಯಾರು, ಯಾಕೆ ಬಂದೆವು ಎಂದು ಹೇಳಿದ. ರಬ್ಬರಿನ ಕೈಗವಸು ಹಾಕಿಕೊಂಡು, ಒಣಹಲಗೆಯ ಮೇಲೆ ನಿಂತು, ಡಬ್ಬಿಯ ಪರೀಕ್ಷೆಯ ಗುಂಡಿ ಒತ್ತಿದ. ಅದನ್ನು ಒತ್ತಿದರೆ ಕರೆಂಟು ಸೋರಿದಂತೆ ಆಗಿ ಪಟ್ಟಿ ಬಡಿಯಬೇಕು, ಮೋಟರು ನಿಲ್ಲಬೇಕು.

ಮೋಟರು ಓಡುತ್ತಲೇ ಇತ್ತು.

ಮತ್ತೆ ಒತ್ತಿದ. ನೀರು ಮೊದಲಿನ ಹಾಗೆಯೇ ಬೀಳುತ್ತಿತ್ತು. ಅವನು ನನ್ನ ಕಡೆ ತಿರುಗಿ ನೋಡಲಿಲ್ಲ, ಅದು ಅವನ ಒಳ್ಳೆಯತನ. ನಾನು ಅಲ್ಲೇ ಬದುವಿನ ಮೇಲೆ ಕುಳಿತೆ. ಇಂಗಳೇಶ್ವರದ ಹೊಲದಲ್ಲಿ ಏನಾಯಿತೋ ಅದು ಇಲ್ಲಿ, ನನ್ನ ಕೈಯಿಂದ, ಆಗುವುದಕ್ಕೆ ಎಲ್ಲ ಸಿದ್ಧವಾಗಿತ್ತು. ಒಂದು ಸೋರಿಕೆ ಮಾತ್ರ ಬಾಕಿ ಇತ್ತು.

ಅವನು ಕಂಬದ ಫ್ಯೂಸು ಕಿತ್ತು, ಹಳೆಯ ರಿಲೇ ತೆಗೆದು ನನ್ನ ಕೈಗೆ ಕೊಟ್ಟು, ಹೊಸದನ್ನು ಕೂರಿಸಿದ. ಫ್ಯೂಸು ಹಾಕಿ ಮೋಟರು ಚಾಲೂ ಮಾಡಿದ. “ಈಗ ಸರಿ ಐತ್ರಿ” ಎಂದ.

ಮುದುಕಿ ಸೊಂಟದ ಮೇಲೆ ಕೈ ಇಟ್ಟಳು. “ನಿನ್ನಿ ಸರಿ ಐತಿ ಅಂತ ಹಾಕಿಸಿದವ್ರೂ ನೀವ. ಇವತ್ತ ಸರಿ ಐತಿ ಅನ್ನವ್ರೂ ನೀವ. ಆ ಕೈಗವಸ ನನಗ ಕೊಟ್ಟ ಹೋಗ್ತೀಯೇನ? ನಾ ಬರೇ ಕೈಲೆ ಮುಟ್ಟಾಕಿ.” ಆಮೇಲೆ ನನ್ನ ಕಡೆ ಗದ್ದ ಎತ್ತಿದಳು. “ಅಳದಾಕಿ ಇಕಿ ಅಲ್ಲಾ? ಇಕೀನ ಒತ್ತಲಿ.”

ತಮ್ಮ ತೀರಿಕೊಂಡ ದಿನದಿಂದ ನಾನು ಯಾವ ಸ್ಟಾರ್ಟರ್ ಡಬ್ಬಿಯ ಹತ್ತಿರವೂ ಹೋಗಿರಲಿಲ್ಲ. ನಮ್ಮ ಹೊಲದ ದಾರಿಯನ್ನೇ ಬಿಟ್ಟು ಸುತ್ತು ಹಾಕುತ್ತಿದ್ದೆ. ಮೇಲ್ವಿಚಾರಕ, “ಬ್ಯಾಡ್ರಿ ಅಕ್ಕಾರ, ನಾನ ಒತ್ತತೇನಿ” ಎಂದು ಕೈಗವಸು ಕಳಚತೊಡಗಿದ. ಆದರೆ ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಎದ್ದೆ. ಚಪ್ಪಲಿ ಬದುವಿನ ಮೇಲೆ ಉಳಿಯಿತೆಂದು ಕೆಸರಿನ ತಂಪು ತಾಗಿದಾಗ ಗೊತ್ತಾಯಿತು. ಹಿಂದಕ್ಕೆ ಹೋಗಲಿಲ್ಲ. ಹೋಗಿದ್ದರೆ ಮತ್ತೆ ಬರುತ್ತಿರಲಿಲ್ಲ. ಗುಂಡಿಗೆ ಚಾಚಿದ ಬೆರಳು ತಪ್ಪಿ ತಗಡಿಗೆ ತಗಲಿತು. ಆ ತಗಡಿನ ಬಿಸಿ ಇನ್ನೂ ನೆನಪಿದೆ. ಬಿಸಿಲಿನ ಬಿಸಿ, ಬೇರೇನೂ ಅಲ್ಲ. ಗುಂಡಿ ಹುಡುಕಿ ಒತ್ತಿದೆ.

ಟಕ್.

ಮೋಟರು ನಿಂತಿತು. ನೀರು ಸಣ್ಣಗಾಗಿ, ಪೈಪಿನ ಬಾಯಿಯಲ್ಲಿ ತೊಟ್ಟಿಕ್ಕಿ, ನಿಂತಿತು.

“ಇಷ್ಟ ಸಪ್ಪಳಾ?” ಎಂದಳು ಮುದುಕಿ. “ಜೀವಾ ಉಳಸೂದಂದ್ರ ಢಂ ಅಂತೈತಿ ಅಂದಿದ್ದೆ. ಆತ ಬಿಡ, ಇನ್ನ ಚಾಲೂ ಮಾಡ. ನಿಂಬಿ ಇನ್ನೂ ಅರ್ಧಾ ಉಳದಾವು.”

ಚಾಲೂ ಗುಂಡಿಯನ್ನೂ ನಾನೇ ಒತ್ತಿದೆ.

ಸೋಮವಾರ ಮಾಲೀಕರು ಕರೆದರು. ಲೇಸರಿನ ಮೇಲೆ ಹೊಸ ಕಾಗದ ಅಂಟಿಸಿತ್ತು: ಕೈ ತೊಳೆದು, ಟೊಪ್ಪಿಗೆ ಹಾಕಿಕೊಂಡು, ಅರಿವೆಯಿಂದ ಒರೆಸಿದ ಮೇಲೆಯೇ ಮಾದರಿ ತುಂಡು ಮುಟ್ಟಬೇಕು. “ಇಲ್ಲಿ ನೀನ ಕುಂದ್ರ. ನೀ ಇನ್ನೊಮ್ಮಿ ತಪ್ಪೂದಿಲ್ಲ” ಎಂದರು. ಅದು ಕ್ಷಮೆಯೋ ಲೆಕ್ಕಾಚಾರವೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಜೊತೆಯವಳು ಈಗ ದಿನಾ ಬೆಳಿಗ್ಗೆ ಸಾಲಿಯ ಮಾಸ್ತರರ ಹಾಗೆ ನನ್ನ ಎರಡೂ ಅಂಗೈ ತಿರುಗಿಸಿ ನೋಡುತ್ತಾಳೆ. ಅವಳಿಗೆ ಹೊಸ ಒರೆಸುವ ಅರಿವೆ ಕೊಟ್ಟಿದ್ದಾರೆ, ಆದರೂ ಸೆರಗು ಬಿಟ್ಟಿಲ್ಲ.

ತಮ್ಮನ ವಿಭೂತಿ ಚೀಲದಲ್ಲೇ ಇದೆ. ಸಂಜೆ, ಪಾಳಿ ಮುಗಿದು ಇಂಗಳೇಶ್ವರದ ಬಸ್ಸಿಗೆ ನಿಂತಾಗ ಹಚ್ಚಿಕೊಳ್ಳುತ್ತೇನೆ.

ಸಾಲೋಟಗಿಯಿಂದ ತಂದ ರಿಲೇಯನ್ನು ಮರುದಿನವೇ ಅಳೆದಿದ್ದೆವು. ಐವತ್ತಮೂರು. ಅದನ್ನು ಎಸೆಯಬೇಡಿರೆಂದು ಕೇಳಿಕೊಂಡೆ. ಮೇಲ್ವಿಚಾರಕನಿಗೂ ಅದೇ ಅನ್ನಿಸಿತ್ತು. ಈಗ ಅದು ಮರದ ಪೆಟ್ಟಿಗೆಯಲ್ಲಿ ಮಾದರಿ ತುಂಡಿನ ಪಕ್ಕದಲ್ಲೇ ಇರುತ್ತದೆ. ನನ್ನ ಸರದಿಯ ದಿನ ಬೆಳಿಗ್ಗೆ ಅರ್ಧ ತಾಸು ಕಾಯುತ್ತೇನೆ. ಆಗ ಹೆದರಿಕೆ ಈಗಲೂ ಬರುತ್ತದೆ, ಬರಲಿ ಎಂದು ಬಿಟ್ಟಿದ್ದೇನೆ. ಸೊನ್ನೆ ಮಾಡಿದ ಮೇಲೆ, ಒಳ್ಳೆಯ ಒಂದನ್ನೂ ಅಳೆಯುವ ಮೊದಲು, ಆ ಕೆಟ್ಟದ್ದನ್ನು ಅಚ್ಚಿನಲ್ಲಿ ಕೂರಿಸುತ್ತೇನೆ. ಕೆಂಪು ಚುಕ್ಕೆ ಅದರ ಪಟ್ಟಿಯ ಮೇಲೆ ಬೀಳುತ್ತದೆ. ಪರದೆಯ ಮೇಲೆ ಐವತ್ತಮೂರು ಬಂದು ನಿಲ್ಲುವವರೆಗೆ ನಾನು ಉಸಿರು ಬಿಡುವುದಿಲ್ಲ.